ನಾಲ್ಕು ಅಗ್ಗದ ಚೂರಿಗಳು

ಕೊಟ್ಟಾರ, ಮಂಗಳೂರು
3 ಸೆಪ್ಟೆಂಬರ್ 2024

ತ್ರಿವಿಕ್ರಮಾ,

ಕೊಟ್ಟಾರದಿಂದ ಬೋಳಾರಕ್ಕೆ ಅಂಚೆಯಲ್ಲಿ ಕಾಗದ ಹಾಕುವ ಗತಿ ಬಂತಲ್ಲ ಮಾರಾಯ! ಸ್ಕೂಟರಿನಲ್ಲಿ ಹೊರಟರೆ ಅರ್ಧ ಗಂಟೆಯ ದಾರಿ. ಆದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ನೀನು ಪೂಜೆ ಮಾಡುವ ಗಣಪತಿ ಗುಡಿಗೆ ಬಂದರೆ ನನ್ನನ್ನು ಕಂಡ ಕೂಡಲೇ ಗರ್ಭಗುಡಿಯ ಒಳಗೆ ಹೋಗಿ ಕುಳಿತುಕೊಳ್ಳುತ್ತೀ, ಅಲ್ಲಿಗೆ ನಾನು ಬರುವ ಹಾಗಿಲ್ಲ. ಹಾಗಾಗಿ ಈ ಕಾಗದ. ಬಾಯಿಯಲ್ಲಾದರೆ ತುಳುವಿನಲ್ಲಿ ನಾಲ್ಕು ಬೈದು ಮುಗಿಸುತ್ತಿದ್ದೆ. ಕಾಗದ ಎಂದರೆ ಕನ್ನಡ ಬರೆಯಬೇಕು, ಅದೂ ಮೂವತ್ತು ವರ್ಷ ಕನ್ನಡ ಪಂಡಿತನಾಗಿ ಮಕ್ಕಳ ಕಿವಿ ಹಿಂಡಿದವನಿಗೆ. ಕನ್ನಡದಲ್ಲಿ ಬೈದರೆ ಶಾಲೆಯ ವಾರ್ಷಿಕೋತ್ಸವದ ಭಾಷಣದ ಹಾಗೆ ಕೇಳುತ್ತದೆ. ಆದರೂ ಬೈಯುತ್ತೇನೆ.

ನಡೆದದ್ದು ನಿನಗೆ ಗೊತ್ತಿದೆ. ಆದರೆ ನೀನು ಊರಿಗೆಲ್ಲ ನಿನ್ನ ಲೆಕ್ಕದಲ್ಲಿ ಹೇಳಿದ್ದೀ, ಆದ್ದರಿಂದ ನಾನು ಕಂಡದ್ದನ್ನು ಬರೆಯುತ್ತೇನೆ. ನಿನ್ನ ಅಪ್ಪನ ಮಡಚುವ ಚೂರಿಯನ್ನು ಹರಿತ ಮಾಡಿಸಿಕೊಡುತ್ತೇನೆಂದು ನಾನೇ ಕೇಳಿ ತೆಗೆದುಕೊಂಡು ಹೋದದ್ದು ಹೌದು. ಫೆಬ್ರವರಿಯಲ್ಲಿ, ಗುಡಿಯ ವರ್ಧಂತಿಯ ಬೆಳಿಗ್ಗೆ ಅದನ್ನು ನಿನ್ನ ಕೈಗೆ ಕೊಟ್ಟದ್ದೂ ಹೌದು. ನೀನು ದೇವರಿಗೆ ಅಡಿಕೆಯ ಹಿಂಗಾರ ಸೀಳಲೆಂದು ಅದನ್ನು ಬಿಡಿಸಿದೆ. ಹಿಡಿಯ ಸಂದಿಯಿಂದ ಒಂದು ಮೀನಿನ ಹುರುಪೆ ಹಿಂಗಾರದ ಮೇಲೆ ಉದುರಿತು. ನೀನು ಐವತ್ತು ಜನರ ಮುಂದೆ, "ಮೀನು ತಿನ್ನುವ ಕೈಗೆ ದೇವರ ಚೂರಿ ಕೊಟ್ಟದ್ದು ನನ್ನದೇ ತಪ್ಪು" ಎಂದು ಕಿರುಚಿದೆ. ಚೂರಿ ಸುತ್ತಿಡುವ ಆ ಕೆಂಪು ಬಟ್ಟೆಯ ಗಂಟನ್ನು ಹಿಡಿದು ನೇರ ಹೊಳೆಯ ಬದಿಗೆ ನಡೆದೆ, ಬೀಸಿ ಎಸೆದೆ. ಆ ಕೆಂಪು ಬಟ್ಟೆ ನೀರಿನ ಮೇಲೆ ತೇಲುತ್ತ ಹೋದದ್ದನ್ನು ನಾನು ನೋಡುತ್ತ ನಿಂತಿದ್ದೆ. ಎಂಟನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವತ್ತಿನಿಂದ ನನಗೆ ನಿನ್ನ ಮೇಲೆ ಹೇಸಿಗೆ, ನಿನಗೆ ನನ್ನ ಮೇಲೆ ಹೇಸಿಗೆ.

ಚೂರಿ ಹೋದದ್ದು ನನ್ನಿಂದ. ಅದರ ಬದಲಿಗೆ ಒಂದು ಮಡಚುವ ಚೂರಿ ಕೊಟ್ಟೇ ಕೊಡುತ್ತೇನೆ. ಪ್ರತಿಯಾಗಿ ನನಗೆ ಬೇಕಾದದ್ದು ಒಂದೇ. ವರ್ಧಂತಿಯ ಹಿಂದಿನ ದಿನ ಸಂಜೆ ನಾಲ್ಕಕ್ಕೆ, ಗುಡಿಯ ಹಿಂದಿನ ಜಗಲಿಯಲ್ಲಿ ನೀನು ಎಂಟುನೂರು ಬಾಳೆಲೆ ಕೊಯ್ಯುವುದು, ನಾನು ಒರೆಸಿ ಅಟ್ಟಿ ಹಾಕುವುದು, ನಲವತ್ತೊಂದು ವರ್ಷದಿಂದ ತಪ್ಪಿದ್ದಿಲ್ಲ. ಬರುವ ವರ್ಷವೂ ನಾನು ಅಲ್ಲಿ ಕುಳಿತುಕೊಳ್ಳಬೇಕು. ಬಾ ಎಂದು ನೀನು ಹೇಳಬೇಕು.

ಮೊದಲನೆಯ ಚೂರಿ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ನೂರ ಎಂಬತ್ತು ರೂಪಾಯಿ. ಪೊಟ್ಟಣ ಹರಿದ ಕೂಡಲೇ ಹಳೆಯ ಗ್ರೀಸಿನ ನಾತ. ಅಲಗಿನಿಂದ ಹಿಡಿಯವರೆಗೆ ಕಪ್ಪು ಬಣ್ಣ ಬಳಿದಿದ್ದಾರೆ, ಒಳಗಿನ ಕಬ್ಬಿಣ ಯಾರಿಗೂ ಕಾಣಬಾರದೆಂದು. ಬಿಡಿಸಬೇಕಾದರೆ ಉಗುರು ಕಿತ್ತು ಬರಬೇಕು. ಬಿಡಿಸಿದ ಮೇಲೆ ಅಲಗು ಅತ್ತಿತ್ತ ಅಲ್ಲಾಡುತ್ತದೆ. ಹಿತ್ತಿಲಿನ ಬಾಳೆಲೆಯ ದಂಟಿನ ಮೇಲಿಟ್ಟು ಒತ್ತಿದೆ. ಕೊಯ್ಯಲಿಲ್ಲ, ಆಡಿನ ಹಾಗೆ ಜಗಿಯಿತು. ಎಲೆಯ ಉದ್ದಕ್ಕೂ ಕಪ್ಪು ಗೆರೆ! ಬಣ್ಣ ಬಿಟ್ಟಿತ್ತು. ನಲವತ್ತು ವರ್ಷ ಹೋಟೆಲು ನಡೆಸಿದವನು ನಾನು. ಅಡಿಗೆಮನೆಯಲ್ಲಿ ಇಂಥದ್ದೊಂದನ್ನು ಕಂಡಿದ್ದರೆ ತಂದವನನ್ನು ಚೂರಿಯ ಸಮೇತ ಹೊರಗೆ ಹಾಕುತ್ತಿದ್ದೆ. ಇದನ್ನು ನಿನಗೆ ಕಳುಹಿಸುವುದಿಲ್ಲ. ಬೇರೆ ನೋಡುತ್ತೇನೆ.

ನಿನ್ನ ಮೇಲೆ ಸಿಟ್ಟು ಇಳಿಯದ,
ಮಹಾಬಲ

*

ಬೋಳಾರ
14 ಸೆಪ್ಟೆಂಬರ್ 2024

ಶ್ರೀ ಮಹಾಬಲ ಶೆಟ್ಟರಿಗೆ,

ನಿಮ್ಮ ಪತ್ರ ತಲುಪಿತು. ಚೂರಿಯ ವಿಷಯ ಮುಗಿದಿದೆ. ಬದಲಿ ಚೂರಿ ನನಗೆ ಬೇಕಾಗಿಲ್ಲ. ಎಲೆ ಕೊಯ್ಯುವುದಕ್ಕೆ ಈ ಸಲ ಆಡಳಿತ ಸಮಿತಿಯವರು ಜನ ಗೊತ್ತುಮಾಡುತ್ತಾರೆ.

ನೀವು ಹೇಸಿಗೆಯ ಮಾತು ಎತ್ತಿದ್ದರಿಂದ ಹೇಳುತ್ತೇನೆ. ನಿಮ್ಮ ಮನೆಯ ಜಗಲಿಯಲ್ಲಿ, ಒಳಗೆ ನಿಮ್ಮ ಮನೆಯವರು ಕುಶಲಾ ಅಕ್ಕ ಮೀನು ಹುರಿಯುತ್ತಿರುವಾಗಲೇ ಕುಳಿತು ಐವತ್ತು ವರ್ಷ ಚಹಾ ಕುಡಿದವನು ನಾನು. ಒಂದು ದಿನವೂ ಮೂಗು ಮುಚ್ಚಿದವನಲ್ಲ. ಆದರೆ ಆ ದಿನ ಹಿಂಗಾರದ ಎಸಳುಗಳ ಮೇಲೆ ಆ ಹುರುಪೆ ಬಿದ್ದು ಹೊಳೆಯಿತಲ್ಲ, ಅದು ಈಗಲೂ ಊಟಕ್ಕೆ ಕುಳಿತಾಗ ಕಣ್ಣ ಮುಂದೆ ಬರುತ್ತದೆ. ಮೊದಲಿನ ಒಂದು ತಿಂಗಳಲ್ಲಿ ಎರಡು ಸಲ ವಾಂತಿಯಾಗಿದೆ. ನಂಬಿ ಕೊಟ್ಟ ವಸ್ತು ಹಾಗೆ ಮರಳಿ ಬಂದರೆ ಹೊಟ್ಟೆಗೆ ಬೇರೆ ಏನಾಗಬೇಕು?

ಇನ್ನೊಂದು. ಎಲೆಯ ದಂಟನ್ನು ಯಾರೂ ಮೇಲಿನಿಂದ ಒತ್ತಿ ಕೊಯ್ಯುವುದಿಲ್ಲ. ಅಲಗನ್ನು ಕೆಳಗೆ ಹಿಡಿದು ತನ್ನ ಕಡೆಗೆ ಎಳೆಯಬೇಕು. ನಲವತ್ತೊಂದು ವರ್ಷ ಪಕ್ಕದಲ್ಲಿ ಕುಳಿತು ನೋಡಿದವರಿಗೆ ಇದು ತಿಳಿದಿರಬೇಕಿತ್ತು. ದೋಷ ಚೂರಿಯದ್ದೆಷ್ಟು, ಕೈಯದ್ದೆಷ್ಟು ಎಂದು ನೋಡಿಕೊಳ್ಳಿ.

ದಯವಿಟ್ಟು ಇನ್ನು ಬರೆಯಬೇಡಿ.

ತ್ರಿವಿಕ್ರಮ ಭಟ್

*

ಕೊಟ್ಟಾರ
6 ಅಕ್ಟೋಬರ್ 2024

ತ್ರಿವಿಕ್ರಮಾ,

ಬರೆಯಬೇಡ ಎಂದು ಹೇಳಲು ಒಂದು ಪುಟ ಬರೆದಿದ್ದೀಯಲ್ಲ! "ಶ್ರೀ ಮಹಾಬಲ ಶೆಟ್ಟರಿಗೆ", "ನೀವು"! ಓದಿ ಕುಶಲಾ, "ಯಾರಿಂದ ಬಂದದ್ದು, ಬ್ಯಾಂಕಿನಿಂದವಾ?" ಎಂದು ಕೇಳಿದಳು. ನೀನು ಎಷ್ಟು ಬೇಕಾದರೂ ಬಹುವಚನ ಹಾಕು. ನಾನು ಹಾಕುವುದಿಲ್ಲ.

ನೀನು ಹೇಳಿದ ಹಾಗೆ ಕೆಳಗಿನಿಂದ ಎಳೆದು ನೋಡಿದೆ. ಆ ಕಪ್ಪು ಚೂರಿಯ ಅಲಗು ದಂಟಿನೊಳಗೆ ಸಿಕ್ಕಿಕೊಂಡು, ಹಿಡಿ ಮಾತ್ರ ನನ್ನ ಕೈಗೆ ಬಂತು. ಕೈಯ ದೋಷವಂತೆ!

ಎರಡನೆಯದ್ದನ್ನು ಸೊಸೆ ದೀಕ್ಷಿತಾ ಮೊಬೈಲಿನಲ್ಲಿ ತರಿಸಿಕೊಟ್ಟಳು. ಅವಳು ಕೋರ್ಟಿನ ಫೈಲುಗಳ ನಡುವೆ ಮಾವನಿಗಾಗಿ ಚೂರಿ ಹುಡುಕುತ್ತಾಳೆ, ಪಾಪ. ಹನ್ನೊಂದು ಸಾವಿರ ಜನ ಅದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದಾರೆ. ಓದಿಸಿದೆ. "ಲುಕ್ ಸೂಪರ್, ಇನ್ನೂ ಬಳಸಿಲ್ಲ" ಎಂದು ಬರೆದು ಒಬ್ಬ ಐದು ನಕ್ಷತ್ರ ಕೊಟ್ಟಿದ್ದಾನೆ. ಬಳಸದೆ ನಕ್ಷತ್ರ ಕೊಡುವವನನ್ನು ಎಲ್ಲಿ ಹಿಡಿದು ಕೂರಿಸುವುದು? ಪೊಟ್ಟಣ ಬಂತು. ಹಿಡಿಯ ಮೇಲೆ ಒಂದು ತಲೆಬುರುಡೆ, ಅದರ ಕಣ್ಣಿನಲ್ಲಿ ಕೆಂಪು ಗಾಜಿನ ಹರಳು. ಗುಂಡಿ ಒತ್ತಿದರೆ ಅಲಗು ಟಪ್ಪೆಂದು ಹಾರಿ ನಿಲ್ಲುತ್ತದೆ. ಕುಶಲಾ ಹೆದರಿ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಬಿಟ್ಟಳು. ಅಲಗಿನ ಅರ್ಧಕ್ಕೆ ಗರಗಸದ ಹಲ್ಲು, ಹಿಂಬದಿಯಲ್ಲಿ ಬಾಟಲಿಯ ಮುಚ್ಚಳ ತೆಗೆಯುವ ಕೊಕ್ಕೆ, ಬುಡದಲ್ಲಿ ಕಾರಿನ ಗಾಜು ಒಡೆಯುವ ಮೊಳೆ. ಗಣಪತಿ ಗುಡಿಯಲ್ಲಿ ನೀನು ಯಾವ ಕಾರಿನ ಗಾಜು ಒಡೆಯಬೇಕು? ಎಲೆಗೆ ಹಿಡಿದೆ. ಗರಗಸದ ಹಲ್ಲಿಗೆ ಸಿಕ್ಕಿ ಎಲೆ ಚಿಂದಿಯಾಯಿತು. ನೋಡಿದರೆ ಅಸಹ್ಯ, ಹಿಡಿದರೆ ಅಸಹ್ಯ. ಆದರೆ ಮುರಿಯಲೂ ಇಲ್ಲ, ಹಾಳು ಶನಿ.

ಮೂರನೆಯದ್ದು ಎಟಿಎಂ ಕಾರ್ಡಿನ ಹಾಗೆ ಚಪ್ಪಟೆ. ಮಡಚಿ ಪರ್ಸಿನಲ್ಲಿ ಇಡಬೇಕಂತೆ. ಹಿಡಿ ಪ್ಲಾಸ್ಟಿಕ್, ಕೀಲೂ ಪ್ಲಾಸ್ಟಿಕ್. ಕದ್ರಿಯ ಬದಿಯಿಂದ ಒಂದು ಹಿಂಗಾರ ತರಿಸಿದ್ದೆ. ಮೇಲಿನ ಹಾಳೆಯನ್ನು ಮಾತ್ರ ಸೀಳಿ, ಒಳಗಿನ ಹೂವಿಗೆ ಗಾಯ ಮಾಡದೆ ಬಿಡಿಸುವುದು ನಿನ್ನ ಅಪ್ಪನ ಚೂರಿಯ ಕೆಲಸ. ಒಂದೇ ಗೆರೆ, ಹಾಳೆ ಎರಡಾಗಿ ಬೀಳುತ್ತಿತ್ತು, ನೆನಪಿದೆಯಾ? ಈ ಕಾರ್ಡು ಅರ್ಧ ಇಂಚು ಹೋಗಿ ಕೀಲಿನಲ್ಲಿ ಲಟಕ್ಕೆಂದಿತು. ಎರಡು ತುಂಡು. ನನಗೆ ಉಗಿಯಬೇಕೆನಿಸಿತು, ಉಗಿದೆ ಕೂಡ, ಹಿತ್ತಿಲಿಗೆ ಹೋಗಿ.

ಒಂದು ಮಾತು ಗೆರೆ ಎಳೆದು ಬರೆಯುತ್ತೇನೆ. ನಿನ್ನ ಚೂರಿಯಲ್ಲಿ ನಾನು ಮೀನು ಕೊಯ್ಯಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೊಯ್ಯಲಿಲ್ಲ. ನಿನ್ನ ಗಣಪತಿಯ ಮೇಲೆ ಆಣೆ.

ಜಗಲಿಯ ಜಾಗ ಬಿಟ್ಟುಕೊಡದ,
ಮಹಾಬಲ

*

ಬೋಳಾರ
19 ಅಕ್ಟೋಬರ್ 2024

ಶ್ರೀ ಮಹಾಬಲ ಶೆಟ್ಟರಿಗೆ,

ನೀವು ದೇವರ ಮೇಲೆ ಆಣೆ ಹಾಕಿದ್ದೀರಿ. ನೀವು ಸುಮ್ಮನೆ ಆಣೆ ಹಾಕುವವರಲ್ಲ ಎಂಬುದು ನನಗೆ ಗೊತ್ತು. ಅದಕ್ಕಾಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಚೂರಿ ಹತ್ತು ದಿನ ನಿಮ್ಮ ಬಳಿ ಇತ್ತು. ನೀವು ಮೀನು ಕೊಯ್ಯಲಿಲ್ಲವೆಂದರೆ ಆ ಹುರುಪೆ ಎಲ್ಲಿಂದ ಬಂತು?

ಸುತ್ತಿ ಬಳಸಿ ಬೇಡ. ಅಂಗಡಿಯ ಚೂರಿಗಳ ವರ್ಣನೆಯೂ ಬೇಡ. ಒಂದು ಸಾಲಿನಲ್ಲಿ ಉತ್ತರ ಬರೆಯಿರಿ. ಎಲೆ ಕೊಯ್ಯುವ ವಿಷಯ ಅದರ ಮೇಲೆ.

ತ್ರಿವಿಕ್ರಮ ಭಟ್

*

ಕೊಟ್ಟಾರ
21 ನವೆಂಬರ್ 2024

ತ್ರಿವಿಕ್ರಮಾ,

ಒಂದು ಸಾಲು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಕಾರಣ ನಾಲ್ಕನೆಯ ಚೂರಿ. ನೀನು ವರ್ಣನೆ ಬೇಡ ಎಂದಿದ್ದೀ, ಆದರೆ ಇದನ್ನು ಹೇಳದೆ ಉತ್ತರ ಬಾರದು. ಇದು ಬಂದ ದಿನ ನಾನು ನಿಜವಾಗಿ ಮೋಸಹೋದೆ. ಮರದ ಹಿಡಿ, ಹಿತ್ತಾಳೆಯ ಮೊಳೆಗಳು, ಅಲಗಿನ ಬುಡದಲ್ಲಿ ತಿರುಗಿಸಿ ಭದ್ರ ಮಾಡುವ ಒಂದು ಬಳೆ. ಥೇಟ್ ನಿನ್ನ ಅಪ್ಪನದ್ದೇ! ಹಿಂಗಾರವನ್ನು ಒಂದೇ ಗೆರೆಯಲ್ಲಿ ಸೀಳಿತು. ಕುಶಲಾಳನ್ನು ಕರೆದು ತೋರಿಸಿದೆ. ಕೆಂಪು ಬಟ್ಟೆ ಕೂಡ ತಂದಿಟ್ಟೆ. ಮರುದಿನ ತೊಳೆದು ಒರೆಸುವಾಗ ಮರ ಸುಲಿದು ಕೈಗೆ ಬಂತು. ಮರವಲ್ಲ ಮಾರಾಯ, ಮರದ ಚಿತ್ರದ ಸ್ಟಿಕ್ಕರ್! ಒಳಗೆ ಬೂದು ಪ್ಲಾಸ್ಟಿಕ್. ಆದರೂ ಅಲಗು ಒಳ್ಳೆಯದಿದೆಯಲ್ಲ ಎಂದು ಇನ್ನೊಂದು ಎಲೆಯ ದಂಟಿಗೆ ಹಿಡಿದು, ನೀನು ಹೇಳಿದ ಹಾಗೆ ಕೆಳಗಿನಿಂದ ಎಳೆದೆ. ಬಳೆ ಜಾರಿತು. ಅಲಗು ನನ್ನ ಬೆರಳಿನ ಮೇಲೆಯೇ ಮಡಚಿಕೊಂಡಿತು. ನಾಲ್ಕು ಹೊಲಿಗೆ. ಮೊದಲಿನ ಮೂರು ನೋಡಿದ ಕೂಡಲೇ ಕಸ ಎಂದು ತಿಳಿಯುತ್ತಿದ್ದವು. ಇದು ಒಳ್ಳೆಯದರ ವೇಷ ಹಾಕಿ ಬಂದಿತ್ತು. ಇದರಷ್ಟು ಹೇಸಿಗೆ ನನಗೆ ಯಾವುದರ ಮೇಲೂ ಬಂದಿಲ್ಲ.

ಆಸ್ಪತ್ರೆಯಲ್ಲಿ ಬೆರಳು ಹೊಲಿಸಿಕೊಳ್ಳುತ್ತ ಅನಿಸಿತು, ಆಣೆ ಹಾಕಿ ಅರ್ಧ ನಿಜ ಹೇಳಿದ ನಾನೂ ಅದೇ ತರಹದವನು ಎಂದು. ಕೇಳು.

ಉರ್ವ ಮಾರ್ಕೆಟಿನ ಹೊರಗೆ ಒಸ್ವಾಲ್ಡ್ ಎಂಬವನು ಕೊಡೆ ಬಿಡಿಸಿ, ಕಾಲಲ್ಲಿ ತುಳಿಯುವ ಸಾಣೆಯ ಚಕ್ರ ಇಟ್ಟುಕೊಂಡು ಕೂರುತ್ತಾನೆ. ಮೀನು ಮಾರುವ ಹೆಂಗಸರೆಲ್ಲ ಅವನಲ್ಲಿಯೇ ಕತ್ತಿ ಹರಿತ ಮಾಡಿಸುವುದು. ಅವನಷ್ಟು ಚೆನ್ನಾಗಿ ಸಾಣೆ ಹಿಡಿಯುವವರು ಈ ಮಂಗಳೂರಿನಲ್ಲಿ ಇಲ್ಲ. ನಿನ್ನ ಚೂರಿಗೆ ಊರಿನಲ್ಲೇ ಒಳ್ಳೆಯ ಕೈ ಆಗಬೇಕು ಎಂದು ಅವನಿಗೆ ಕೊಟ್ಟೆ. ಅವನು ಎಲ್ಲ ಕತ್ತಿಗಳನ್ನೂ ಒರೆಸುವುದು ಒಂದೇ ಹರಕು ಬಟ್ಟೆಯಲ್ಲಿ. ಬಟ್ಟೆಯ ತುಂಬ ಹುರುಪೆ ಇತ್ತು. ನಾನು ನೋಡಿದೆ. ನೋಡಿದರೂ ತಲೆಗೆ ಹೋಗಲಿಲ್ಲ. ದಿನಾ ಮೀನು ತಿನ್ನುವವನ ಕಣ್ಣಿಗೆ ಹುರುಪೆ ಅಕ್ಕಿಯಲ್ಲಿನ ಹೊಟ್ಟಿನ ಹಾಗೆ, ಇದ್ದದ್ದೇ. ಅಲ್ಲಿಗೆ ನಿನ್ನ ದೇವರ ಚೂರಿಯನ್ನು ಒಯ್ಯಬಾರದಿತ್ತು. ತಪ್ಪು ನನ್ನದು.

ಅವತ್ತೇ ಹೇಳಬಹುದಿತ್ತು. ಆದರೆ ನೀನು "ಮೀನು ತಿನ್ನುವ ಕೈ" ಎಂದೆಯಲ್ಲ, ಹೇಳಿದರೆ ಆ ಮಾತು ಐವತ್ತು ಜನರ ಮುಂದೆ ನಿಜವಾಗುತ್ತದೆ ಎಂದು ನಾನು ಬಾಯಿ ಮುಚ್ಚಿದೆ. ಆ ಮಾತು ನನಗೆ ಈಗಲೂ ನೋಯುತ್ತದೆ. ಆದರೂ ನಿನ್ನ ಹತ್ತಿರ ಕ್ಷಮೆ ಕೇಳುತ್ತೇನೆ.

ಎಲೆ ಕೊಯ್ಯಲು ಬರಲಾ?

ಮಹಾಬಲ

*

ಕೊಟ್ಟಾರ
4 ಜನವರಿ 2025

ತ್ರಿವಿಕ್ರಮ ಭಟ್ಟರಿಗೆ,

ಆರು ವಾರ ನಿಮ್ಮ ಉತ್ತರಕ್ಕೆ ಕಾದೆ. ಬರಲಿಲ್ಲ. ನಿನ್ನೆ ಬೆಳಿಗ್ಗೆ, ಇನ್ನು ಕಾಗದ ಸಾಕು ಎಂದು ನಾನೇ ಹೊರಟೆ. ನಾಲ್ಕು ಚೂರಿಗಳನ್ನೂ, ಮುರಿದದ್ದು ಮುರಿದ ಹಾಗೆಯೇ, ಒಂದು ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ. ನಿಮ್ಮ ಮುಂದೆ ಸುರಿದರೆ ಎಷ್ಟು ಸಿಟ್ಟಿದ್ದರೂ ನೀವು ನಗುತ್ತೀರಿ ಎಂಬ ಧೈರ್ಯ ನನಗೆ.

ಕೊಟ್ಟಾರ ಚೌಕಿಯಲ್ಲಿ ಪೊಲೀಸರ ತಪಾಸಣೆ ಇತ್ತು. ಸ್ಕೂಟರಿನ ಡಿಕ್ಕಿ ತೆರೆಸಿದರು. ಈ ಊರಿನಲ್ಲಿ ಚೂರಿ ಎಂಬ ಪದ ಪೇಪರಿನಲ್ಲಿ ಹೇಗೆ ಬರುತ್ತದೆಂದು ನಿಮಗೂ ಗೊತ್ತು.

"ಎಂತ ಅಜ್ಜ ಇದು? ಇಷ್ಟು ಚೂರಿ ಎಂತಕ್ಕೆ?" ಎಂದರು ಎಸ್‌ಐ.

"ನಮ್ಮ ಭಟ್ರಿಗೆ, ಹಿಂಗಾರ ಕೊಯ್ಲಿಕ್ಕೆ," ಎಂದೆ.

ತಲೆಬುರುಡೆಯ ಗುಂಡಿ ಒತ್ತಿದರು, ಅಲಗು ಟಪ್ಪೆಂದು ಹಾರಿತು. "ಇದರಲ್ಲಿ ಹಿಂಗಾರ ಕೊಯ್ತೀರಾ?" ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ಅವರದ್ದು ತಪ್ಪಿಲ್ಲ, ಕೂರಲು ಕುರ್ಚಿಯನ್ನೂ ಕೊಟ್ಟರು. "ಆ ಭಟ್ರ ನಂಬರ್ ಕೊಡಿ, ಅವರು ಹೌದು ಅಂದ್ರೆ ಸಾಕು," ಎಂದರು. ಕೊಟ್ಟೆ. ಠಾಣೆಯ ಫೋನು ನೀವು ಎತ್ತಿದಿರಿ. ಅದು ಸ್ಪೀಕರಿನಲ್ಲಿತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ.

"ಮಹಾಬಲ ಶೆಟ್ಟಿ ಅಂತ, ಕೊಟ್ಟಾರದವರು. ನಿಮಗೆ ಗೊತ್ತುಂಟಾ?"

ನೀವು ಹೇಳಿದಿರಿ: "ಇಲ್ಲ. ನನಗೆ ಪರಿಚಯ ಇಲ್ಲ."

ಎರಡು ಗಂಟೆ ಅಲ್ಲಿ ಕುಳಿತೆ. ದೀಕ್ಷಿತಾ ಕೋರ್ಟಿನಿಂದ ಓಡಿ ಬಂದು, ಮೊಬೈಲಿನಲ್ಲಿ ಬಿಲ್ಲುಗಳನ್ನು ತೋರಿಸಿ, ಮಾವನ ಬುದ್ಧಿ ಸರಿಯಿದೆ ಎಂದು ಬರೆದುಕೊಟ್ಟ ಮೇಲೆ ಬಿಟ್ಟರು. ಚೂರಿಗಳನ್ನೂ ಕೊಟ್ಟರು, ಮನೆಯಿಂದ ಹೊರಗೆ ತರಬೇಡಿ ಎಂದರು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸೊಸೆಯ ಹಿಂದೆ ತಲೆ ತಗ್ಗಿಸಿ ಠಾಣೆಯ ಮೆಟ್ಟಿಲು ಇಳಿದೆ. ಚೂರಿಗಳ ಮೇಲೆ ಇಷ್ಟು ತಿಂಗಳು ಹೇಸಿಗೆ, ಹೇಸಿಗೆ ಎಂದು ಬರೆದೆನಲ್ಲ, ಅದೆಲ್ಲ ಆಟ. ನಿಜವಾದ ಹೇಸಿಗೆ ನಿನ್ನೆ ಆಯಿತು. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ.

ಎಲೆ ಕೊಯ್ಯಲು ನಾನು ಬರುವುದಿಲ್ಲ. ಇನ್ನು ಬರೆಯುವುದೂ ಇಲ್ಲ.

ಕೆ. ಮಹಾಬಲ ಶೆಟ್ಟಿ

*

ಬೋಳಾರ
27 ಜನವರಿ 2025

ಮಹಾಬಲಾ,

ಈ ಕಾಗದವನ್ನು ಮಗ ಕೃಷ್ಣಕಿಶೋರ ನಿನ್ನ ಕೈಗೇ ಕೊಡುತ್ತಾನೆ, ಜೊತೆಗೆ ಒಂದು ಕೆಂಪು ಗಂಟನ್ನೂ. ಗಂಟನ್ನು ಕಾಗದ ಓದಿದ ಮೇಲೆ ಬಿಚ್ಚು.

ಅದು ಅಪ್ಪನ ಚೂರಿ. ಅದು ಹೊಳೆಗೆ ಹೋಗಿರಲೇ ಇಲ್ಲ.

ಆ ದಿನ ಹೊಳೆಯ ಕಡೆಗೆ ನಡೆಯುವಾಗ ಎಸೆಯಬೇಕೆಂದೇ ನಡೆದೆ. ಐವತ್ತು ಜನರಿಗೆ ಕೇಳುವ ಹಾಗೆ ಕಿರುಚಿಯಾಗಿತ್ತು, ಎಸೆಯದೆ ಹಿಂದೆ ಬರುವ ಹಾಗಿರಲಿಲ್ಲ. ದಂಡೆಯಲ್ಲಿ ಕೈ ಮೇಲೆದ್ದಿತು, ಚೂರಿ ಬಿಡಲಿಲ್ಲ. ಕಾಲ ಬುಡದಲ್ಲಿ ಒಂದು ತೆಂಗಿನ ಗೆರಟೆ ಬಿದ್ದಿತ್ತು. ಬೆನ್ನು ನಿಮ್ಮ ಕಡೆಗಿತ್ತು. ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗೆರಟೆಯನ್ನು ಬಟ್ಟೆಯಲ್ಲಿ ಸುತ್ತಿ ಎಸೆದೆ. ಎಲ್ಲರೂ ನಂಬಿದರು. ನೀನೂ ನಂಬಿದೆ.

ಮನೆಗೆ ತಂದು ಹುಣಸೆಹುಳಿ, ಬೂದಿ, ಬಿಸಿನೀರು, ಪಂಚಗವ್ಯ, ನನಗೆ ಗೊತ್ತಿದ್ದ ಎಲ್ಲ ಶುದ್ಧಿಯನ್ನೂ ಮಾಡಿದೆ. ಮರುವಾರದಿಂದ ಅದರಲ್ಲಿಯೇ ದೇವರಿಗೆ ಹಿಂಗಾರ ಸೀಳುತ್ತಿದ್ದೇನೆ. ಯಾರಾದರೂ ಬಂದರೆ ಶಾಲಿನ ಕೆಳಗೆ ಅಡಗಿಸುತ್ತೇನೆ. ಹನ್ನೊಂದು ತಿಂಗಳು ಕಳ್ಳನ ಹಾಗೆ ಪೂಜೆ ಮಾಡಿದೆ. ಅಷ್ಟೂ ದಿನ ನೀನು ಅಂಗಡಿ ಅಂಗಡಿ ಅಲೆದು ಕಸ ಕೊಂಡು, ಬೆರಳು ಕೊಯ್ದುಕೊಂಡು, ನನಗೆ ಬರೆಯುತ್ತಿದ್ದೆ. ನಿನ್ನ ಕಾಗದಗಳನ್ನು ಓದಿ ನಾನು ಒಬ್ಬನೇ ನಕ್ಕಿದ್ದೇನೆ, ಅದೂ ನಿಜ. ಹುರುಪೆ ಎಲ್ಲಿಂದ ಬಂತು ಎಂದು ನಾನು ಜಬರ್ದಸ್ತಿನಲ್ಲಿ ಕೇಳಿದೆ. ನೀನು ಹೇಳಿದೆ. ಆಮೇಲೆ ಹೇಳಬೇಕಾದ ಸರದಿ ನನ್ನದಾಗಿತ್ತು. ಅದಕ್ಕೇ ಆರು ವಾರ ಉತ್ತರ ಬರೆಯಲಾಗಲಿಲ್ಲ.

ಠಾಣೆಯಿಂದ ಫೋನು ಬಂದಾಗ ಸಮಿತಿಯ ಅಧ್ಯಕ್ಷ ಜಿತೇಶ್ ನನ್ನ ಎದುರಿಗೇ ನಿಂತಿದ್ದ. ಚೂರಿ ಶಾಲಿನ ಕೆಳಗೆ ನನ್ನ ಮುಷ್ಟಿಯಲ್ಲಿತ್ತು. ಹೌದು ಎಂದರೆ ಠಾಣೆಗೆ ಕರೆಯುತ್ತಾರೆ, ಹಳೆಯ ಚೂರಿ ಎಲ್ಲಿ ಎಂದು ಕೇಳುತ್ತಾರೆ, ಹೊಳೆಯಲ್ಲಿದೆ ಎಂದು ಸಹಿ ಹಾಕಬೇಕಾಗುತ್ತದೆ ಎಂದು ಒಂದೇ ಕ್ಷಣದಲ್ಲಿ ಏನೇನೋ ಹೆದರಿದೆ. ಪರಿಚಯ ಇಲ್ಲ ಎಂಬ ಮಾತು ಬಾಯಿಯಿಂದ ಬಂದುಬಿಟ್ಟಿತು. ಆ ಹುರುಪೆಯನ್ನು ಕಂಡಾಗ ಬಂದ ವಾಕರಿಕೆ ಈಗ ನನ್ನ ಧ್ವನಿ ನೆನಪಾದರೆ ಬರುತ್ತದೆ.

ಮನೆಯಲ್ಲಿ ಹೆಂಡತಿ ನೀರಜಾಕ್ಷಿಗೆ ಎಲ್ಲವನ್ನೂ ಹೇಳಿದೆ. ಎರಡು ದಿನ ಅವಳು ನನಗೆ ಬಡಿಸಿ ಒಳಗೆ ಹೋದಳು. ಮೂರನೆಯ ದಿನ ಹೇಳಿದಳು, "ಚೂರಿಗೆ ನೀವು ಶುದ್ಧ ಮಾಡಿದ್ರಿ. ನಿಮ್ಮ ಬಾಯಿಗೆ ಎಂತ ಮಾಡ್ತೀರಿ?"

ಒಂದು ವಿಷಯ ನೀನು ತಿಳಿಯಬೇಕು. ಒಸ್ವಾಲ್ಡ್ ಕೊಟ್ಟ ಹರಿತ ಹತ್ತು ತಿಂಗಳು ಬಾಳಿತು. ಅಪ್ಪನ ಕಾಲದಲ್ಲಿಯೂ ಅದು ಹಾಗೆ ಕೊಯ್ದದ್ದನ್ನು ನಾನು ನೋಡಿಲ್ಲ. ಈಗ ಮೊಂಡಾಗಿದೆ. ವರ್ಧಂತಿ ಫೆಬ್ರವರಿ ಹದಿನಾಲ್ಕಕ್ಕೆ. ಅದಕ್ಕೆ ಮೊದಲು ಅವನಲ್ಲಿಯೇ ಸಾಣೆ ಹಿಡಿಸಿ ಕೊಡುತ್ತೀಯಾ? ಮನಸ್ಸು ಬಾರದಿದ್ದರೆ ಚೂರಿಯನ್ನು ನಿನ್ನಲ್ಲಿಯೇ ಇಟ್ಟುಕೋ. ಅದನ್ನು ಮರಳಿ ಕೇಳುವ ಮುಖ ನನಗಿಲ್ಲ.

ನಿನ್ನ ಕ್ಷಮೆಗೆ ಕಾದಿರುವ,
ತ್ರಿವಿಕ್ರಮ

*

ಕೊಟ್ಟಾರ
6 ಫೆಬ್ರವರಿ 2025

ತ್ರಿವಿಕ್ರಮಾ,

ನಿನ್ನ ಕಾಗದ ಓದಿ ಆ ದಿನ ಊಟ ಮಾಡಲಿಲ್ಲ. ಗಂಟನ್ನು ಮೂರು ದಿನ ಮುಟ್ಟಲಿಲ್ಲ. ಬಟ್ಟೆ ನೀರಿನ ಮೇಲೆ ತೇಲುತ್ತ ಹೋದದ್ದನ್ನು ಕಣ್ಣಾರೆ ಕಂಡು, ಕಬ್ಬಿಣ ತೇಲುವುದಿಲ್ಲ ಎಂದು ಹೊಳೆಯದ ನನ್ನ ಬುದ್ಧಿಗೂ ಉಗಿದುಕೊಂಡೆ. ನಿನ್ನಂಥ ಹೇಸಿ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿಲ್ಲ. ಇದನ್ನು ಬರೆಯದೆ ಮುಂದಿನದ್ದನ್ನು ಬರೆಯಲಾಗದು.

ನಾಲ್ಕನೆಯ ದಿನ ಉರ್ವ ಮಾರ್ಕೆಟಿಗೆ ಹೋದೆ. ಒಸ್ವಾಲ್ಡನಿಂದ ಚಕ್ರವನ್ನು ತೊಳೆಸಿದೆ. ಅವನ ಬಟ್ಟೆಯನ್ನು ದೂರ ಇಡಿಸಿ, ಮನೆಯಿಂದ ಒಯ್ದಿದ್ದ ಹೊಸ ಬೈರಾಸನ್ನು ಅಲಗು ಒರೆಸಲು ಕೊಟ್ಟೆ. ಅವನು ಅಲಗನ್ನು ಬಿಸಿಲಿಗೆ ಹಿಡಿದು ನೋಡಿದ. "ಒಳ್ಳೇ ಹಳೇ ಉಕ್ಕು ಶೆಟ್ರೇ, ಈಗ ಇಂಥದ್ದು ಸಿಗುದಿಲ್ಲ. ಯಾರದ್ದು ಇದು?" ಎಂದು ಕೇಳಿದ.

"ಯಾರದ್ದೋ. ನನಗೆ ಪರಿಚಯ ಇಲ್ಲ," ಎಂದೆ.

ನಿನ್ನ ಮಾತನ್ನೇ ನಿನಗೆ ತಿರುಗಿ ಕೊಟ್ಟೆ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಷ್ಟು ಸಲೀಸಾಗಿ ಬಾಯಿಯಿಂದ ಬಂತಲ್ಲ ಎಂದು ನನಗೇ ಕೆಟ್ಟದೆನಿಸಿತು. ಸಾಣೆ ಮುಗಿಯುವ ಮೊದಲು, "ನನ್ನ ದೋಸ್ತಿಯದ್ದು, ಬೋಳಾರದ ಭಟ್ರದ್ದು," ಎಂದು ಅವನಿಗೆ ಹೇಳಿದೆ. ಅವನು ಹೂಂ ಎಂದು ತುಳಿಯುತ್ತಲೇ ಇದ್ದ.

ಹದಿಮೂರನೇ ತಾರೀಕು ಗುರುವಾರ, ಸಂಜೆ ನಾಲ್ಕಕ್ಕೆ ಬರುತ್ತೇನೆ. ನಿನ್ನ ಜಿತೇಶನೂ ಸಮಿತಿಯವರೂ ಅಲ್ಲಿರಬೇಕು. ಚೂರಿ ಎಲ್ಲಿತ್ತು ಎಂದು ನೀನು ಅವರ ಮುಂದೆ ಬಾಯಿ ಬಿಟ್ಟು ಹೇಳಬೇಕು. ಹುರುಪೆ ಎಲ್ಲಿಂದ ಬಂತು ಎಂದು ನಾನು ಹೇಳುತ್ತೇನೆ. ಆಮೇಲೆ ಜಗಲಿಯಲ್ಲಿ ಕುಳಿತು ಎಂಟುನೂರು ಎಲೆಗಳನ್ನೂ ನೀನು ತಲೆಬುರುಡೆಯ ಚೂರಿಯಲ್ಲಿಯೇ ಕೊಯ್ಯಬೇಕು. ಹೌದು, ಅದನ್ನು ಮನೆಯಿಂದ ಹೊರಗೆ ತರಬಾರದು. ದೀಕ್ಷಿತಾ ಎಸ್‌ಐಯವರಲ್ಲಿ ಕೇಳಿ ಒಪ್ಪಿಗೆ ತಂದಿದ್ದಾಳೆ, ಅವರು ಬಿದ್ದು ಬಿದ್ದು ನಕ್ಕರಂತೆ. ಅದರಲ್ಲಿ ಕೊಯ್ಯುವಾಗ ಬರುವ ಹೇಸಿಗೆಯನ್ನು ನೀನೂ ಒಂದು ಸಲ ಅನುಭವಿಸು.

ನಾನು ಪಕ್ಕದಲ್ಲಿ ಕುಳಿತು ಒರೆಸುತ್ತೇನೆ. ನಿನ್ನ ಅಪ್ಪನ ಚೂರಿ ಅಷ್ಟು ಹೊತ್ತು ನನ್ನ ಸೊಂಟದಲ್ಲಿರುತ್ತದೆ. ಕೊನೆಯ ಎಲೆ ಆದ ಮೇಲೆ ಎಲ್ಲರ ಮುಂದೆ ನಿನ್ನ ಕೈಗೆ ಕೊಡುತ್ತೇನೆ. ನೀನು ಅದನ್ನು ಬಿಡಿಸಿ ನೋಡದೆ ತೆಗೆದುಕೊಳ್ಳಬೇಕು.

ಮಹಾಬಲ